ಬರೀ ಶೆಲ್ಲು, ಒಂದು ಪಿಕಪ್ಪು: ಹಳೆ ಕಾರಿನ ಬಾಡಿ ಸಾಗಿಸುವ ಬಗೆ

ಪಿಕಪ್ಪಿನವರಿಗೆ ಫೋನ್ ಮಾಡಿ "ಕಾರಿನ ಬಾಡಿ ಉಂಟು, ಸಾಗಿಸಬೇಕಿತ್ತು" ಅಂದರೆ ಅವರು ಮೊದಲು ಕೇಳುವುದು "ಎಷ್ಟು ಭಾರ ಉಂಟಣ್ಣ?" ಅಂತ. ನನಗೂ ಆಗ ಅದೇ ಚಿಂತೆ ಇತ್ತು. ಈಗ ಯಾರಾದರೂ ಕೇಳಿದರೆ ಭಾರದ ಚಿಂತೆ ಬಿಡಿ ಅನ್ನುತ್ತೇನೆ. ಶೆಲ್ಲಿನ, ಅಂದರೆ ಎಲ್ಲ ಬಿಚ್ಚಿ ಉಳಿದ ಬರೀ ಬಾಡಿಯ, ತೊಂದರೆ ಇರುವುದೇ ಅದು ಹಗುರ ಅನ್ನುವುದರಲ್ಲಿ.

ನಮ್ಮದು ಸೋದರಮಾವನ ಮಾರುತಿ 800. ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ, ಅಡಿಕೆ ಅಂಗಳದ ಬದಿಯಲ್ಲಿ, ಶೀಟಿನ ಮಾಡಿನಡಿ ಹಲವು ವರ್ಷ ಸುಮ್ನೆ ನಿಂತಿತ್ತು. "ಗುಜರಿಯವನಿಗೆ ಕೊಡುವುದು ಬಿಟ್ಟು ಎಂತ ಮಾಡ್ಲಿಕ್ಕೆ ಮಾರಾಯ ನಿನಗೆ ಅದು?" ಅಂತ ಮಾವ ಬೈದರೂ ಕೀಲಿಕೈ ಕೊಟ್ಟರು. ಇಂಜಿನ್, ಗೇರ್‌ಬಾಕ್ಸ್, ಸೀಟು, ಗಾಜು, ವೈರಿಂಗು, ಚಕ್ರ ಎಲ್ಲ ಅಂಗಳದಲ್ಲೇ ಬಿಚ್ಚಿದೆವು. ಉಳಿದದ್ದು ತಗಡಿನ ಗೂಡು. ಅದನ್ನು ಮಂಗಳೂರಿನ ಹತ್ತಿರದ ತೊಕ್ಕೊಟ್ಟಿನ ಕಡೆಯ ಒಂದು ಟಿಂಕರಿಂಗ್ ಶೆಡ್ಡಿಗೆ ಮುಟ್ಟಿಸಬೇಕಿತ್ತು. ಕುಂಬಳೆಗೆ ಇಳಿದು, ರಾಷ್ಟ್ರೀಯ ಹೆದ್ದಾರಿ 66 ಹಿಡಿದು, ತಲಪಾಡಿಯಲ್ಲಿ ಕೇರಳ-ಕರ್ನಾಟಕ ಗಡಿ ದಾಟಿ ಹೋಗುವ ದಾರಿ. ಐವತ್ತು ಕಿಲೋಮೀಟರ್ ಆಸುಪಾಸು.

ಇಡೀ ಮಾರುತಿ 800 ತೂಗುವುದೇ ಸುಮಾರು 650 ಕೆಜಿ. ಎಲ್ಲ ಬಿಚ್ಚಿದ ಶೆಲ್ಲು ಅಂದಾಜು 200 ಕೆಜಿ ಇರಬಹುದು. ಒಂದು ಟನ್ನಿನ ಮೇಲೆ ಹೊರುವ ಪಿಕಪ್ಪಿಗೆ ಇದು ಲೆಕ್ಕಕ್ಕೇ ಇಲ್ಲ. ಕಷ್ಟ ಶುರುವಾಗುವುದೂ ಅಲ್ಲಿಯೇ. ಪಿಕಪ್ಪಿನ ಹಿಂದಿನ ಪ್ಲೇಟುಗಳನ್ನು (ಸ್ಪ್ರಿಂಗಿನ ಪಟ್ಟಿಗಳನ್ನು) ಮಾಡಿದ್ದು ಟನ್ನುಗಟ್ಟಲೆ ಕಲ್ಲು, ಸಿಮೆಂಟು ಹೊರುವುದಕ್ಕೆ. ಇನ್ನೂರು ಕೆಜಿ ಇಟ್ಟರೆ ಅವು ಬಗ್ಗುವುದೇ ಇಲ್ಲ. ಖಾಲಿ ಪಿಕಪ್ಪಿನಲ್ಲಿ ಹಿಂದೆ ನಿಂತು ಹೋದ ಬಾಲ್ಯದ ನೆನಪಿದ್ದವರಿಗೆ ಗೊತ್ತಿರುತ್ತದೆ, ಪ್ರತಿ ಹೊಂಡಕ್ಕೂ ಹೇಗೆ ಹಾರಿಸುತ್ತದೆ ಅಂತ. ಶೆಲ್ಲನ್ನೂ ಹಾಗೆಯೇ ಹಾರಿಸುತ್ತದೆ. ಹಾರಿ ಬಿದ್ದಾಗಲೆಲ್ಲ ಹಗ್ಗ ಸ್ವಲ್ಪ ಸಡಿಲ. ಮೇಲಿಂದ ಗಾಳಿ ಬೇರೆ. ಈ ಎರಡನ್ನು ತಲೆಯಲ್ಲಿ ಇಟ್ಟುಕೊಂಡರೆ ಮುಂದೆ ಹೇಳುವುದೆಲ್ಲ ತಾನಾಗಿ ಅರ್ಥ ಆಗುತ್ತದೆ.

ಮೊದಲು ಟೇಪು, ಆಮೇಲೆ ಫೋನು

ನಾನು ಮಾಡಿದ ತಪ್ಪು ಇದೇ. ಫೋನ್ ಮೊದಲು ಮಾಡಿದೆ. ಒಂಬತ್ತಡಿಯ ಗಾಡಿ ಅಂಗಳಕ್ಕೆ ಬಂದು ನಿಂತ ಮೇಲೆ ಟೇಪು ಹಿಡಿದೆ.

ಮಾರುತಿ 800ರ ಉದ್ದ 3335 ಮಿಲಿಮೀಟರ್, ಅಂದರೆ ಹನ್ನೊಂದು ಅಡಿಗೆ ಒಂದೇ ಇಂಚು ಕಡಿಮೆ. ಅಗಲ 1440 ಮಿಲಿಮೀಟರ್. ಒಂಬತ್ತಡಿಯ ಹಾಸು (ಪಿಕಪ್ಪಿನಲ್ಲಿ ಸರಕು ಇಡುವ ಜಾಗ) ಅಂದರೆ ಹೆಚ್ಚುಕಡಿಮೆ 2750 ಮಿಲಿಮೀಟರ್. ಎರಡೂ ಬಂಪರ್ ತೆಗೆದರೂ ಒಂದಡಿಗಿಂತ ಜಾಸ್ತಿ ಹಿಂದೆ ಚಾಚುತ್ತದೆ. ಅಗಲಕ್ಕೆ ತೊಂದರೆ ಇಲ್ಲ. ಐದೂವರೆ ಅಡಿ ಅಗಲದ ಹಾಸಿನಲ್ಲಿ ಎರಡೂ ಬದಿ ನಾಲ್ಕೈದು ಇಂಚು ಜಾಗ ಉಳಿಯುತ್ತದೆ. ಬೆಲ್ಟಿನ ಕೊಕ್ಕೆ ಹಾಕಲು ಅಷ್ಟು ಬೇಕೇ ಬೇಕು.

"ಹಿಂದಿನ ಬಾಗಿಲು ಇಳಿಸಿ, ಒಂದು ಕೆಂಪು ಬಟ್ಟೆ ಕಟ್ಟಿದರೆ ಆಯ್ತಲ್ಲ ಅಣ್ಣ" ಅಂದರು ಡ್ರೈವರ್. ಊರಲ್ಲಿ ಎಲ್ಲರೂ ಹೇಳುವುದು ಹಾಗೆಯೇ. ಮೊದಲು ಹಿಂದಕ್ಕೆ ಒಂದು ಮೀಟರ್ ಚಾಚಲು ನಿಯಮದಲ್ಲಿ ರಿಯಾಯಿತಿ ಇತ್ತು. ಕಬ್ಬಿಣದ ಸಲಾಕೆ ಚಾಚಿಕೊಂಡ ಲಾರಿಗಳಿಗೆ ಹಿಂದಿನಿಂದ ಬಂದವರು ಗುದ್ದಿ ಸಾಯುವುದು ಜಾಸ್ತಿಯಾಗಿ, 2014ರಲ್ಲಿ ಆ ರಿಯಾಯಿತಿಯನ್ನೇ ತೆಗೆದರು. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಬಂದ ತಿದ್ದುಪಡಿಯಲ್ಲಿ, ಸರಕು ಮಿತಿ ಮೀರಿ ಗಾಡಿಯ ಬದಿಗೆ, ಮುಂದಕ್ಕೆ, ಹಿಂದಕ್ಕೆ ಅಥವಾ ಎತ್ತರಕ್ಕೆ ಚಾಚಿದರೆ 20,000 ರೂಪಾಯಿ ದಂಡ ಅಂತ 194ನೇ ಸೆಕ್ಷನ್ನಿಗೆ ಸೇರಿಸಿದರು. ಇಳಿಸುವ ಖರ್ಚು ಬೇರೆ. ಕೆಂಪು ಬಟ್ಟೆ ನೋಡಿ ಯಾರೂ ದಂಡ ಮಾಫಿ ಮಾಡುವುದಿಲ್ಲ. ದಂಡ ಬಿಡಿ, ಬೆಳಗಿನ ಮಂಜಿನಲ್ಲಿ ಬೈಕಿನವನ ಎದೆಯ ಮಟ್ಟಕ್ಕೆ ತಗಡಿನ ಅಂಚು ಚಾಚಿಕೊಂಡು ಹೋಗುವುದು ಯೋಚನೆ ಮಾಡಿದರೇ ಮೈ ಜುಂ ಅನ್ನುತ್ತದೆ.

ಹಾಗಾಗಿ ಆ ಗಾಡಿಯನ್ನು ಬಂದ ಬಾಡಿಗೆ ಕೊಟ್ಟು ವಾಪಸು ಕಳಿಸಿದೆ. ಮರುದಿನ ಊರಲ್ಲೇ ಬಾಡಿ ಕಟ್ಟಿಸಿದ, ಬಾಳೆಕಾಯಿ ಹೇರುವ ಹನ್ನೊಂದು ಅಡಿಯ ಪಿಕಪ್ ಸಿಕ್ಕಿತು. ಸಿಗದಿದ್ದರೆ ಹದಿನಾಲ್ಕು ಅಡಿಯ ಸಣ್ಣ ಲಾರಿ ನೋಡುತ್ತಿದ್ದೆ. ಬಾಡಿಗೆ ಸ್ವಲ್ಪ ಜಾಸ್ತಿ ಆಗುತ್ತದೆ, ಆಗಲಿ. ಟಾಟಾ ಏಸ್ ಅಂತೂ ಬೇಡ. ಅದರ ಹಾಸು ಏಳು ಅಡಿ ಚಿಲ್ಲರೆ ಅಷ್ಟೆ. ನಿಮ್ಮದು ಪದ್ಮಿನಿ ಅಥವಾ ಅಂಬಾಸಿಡರ್ ಆದರೆ ಪಿಕಪ್ಪಿನ ಮಾತೇ ಬೇಡ. ಅವು ಹದಿಮೂರು, ಹದಿನಾಲ್ಕು ಅಡಿಯ ಗಾಡಿಗಳು.

ಅಳೆಯುವಾಗ ಹಾಸಿನ ಒಳಗಿನ ಉದ್ದ ಅಳೆಯಿರಿ. ಡ್ರೈವರ್ ಬಾಯಲ್ಲಿ ಹೇಳುವ "ಹತ್ತಡಿ" ಕೆಲವೊಮ್ಮೆ ಒಂಬತ್ತೂವರೆ ಇರುತ್ತದೆ. ಶೆಲ್ಲನ್ನು ಬಂಪರ್ ತೆಗೆದ ಮೇಲೆ, ಅತಿ ಮುಂದೆ ಚಾಚಿದ ತಗಡಿನಿಂದ ಅತಿ ಹಿಂದಿನ ತಗಡಿನವರೆಗೆ ಅಳೆಯಿರಿ.

ಶೆಲ್ಲನ್ನು ಸಜ್ಜು ಮಾಡುವುದು

ಮುಟ್ಟುವ ಮೊದಲು ಒಂದು ಕೋಲು ತೆಗೆದುಕೊಂಡು ಎಲ್ಲ ಕಡೆ ಬಡಿಯಿರಿ. ಇದು ತಮಾಷೆ ಅಲ್ಲ. ತೋಟದ ಬದಿಯಲ್ಲಿ ವರ್ಷಗಟ್ಟಲೆ ನಿಂತ ಕಾರು ಅಂದರೆ ಕಣಜ, ಇಲಿ, ಚೇಳು, ಅದೃಷ್ಟ ಕೆಟ್ಟರೆ ಹಾವು. ನಮ್ಮದರಲ್ಲಿ ವೈಪರ್ ಮೋಟಾರು ಕೂರುವ ಸಂದಿಯಲ್ಲಿ ತೆಂಗಿನಕಾಯಿ ಗಾತ್ರದ ಕಣಜದ ಗೂಡಿತ್ತು. ಸಾಯಂಕಾಲ ಹೊಗೆ ಹಾಕಿ, ಮರುದಿನ ಎಬ್ಬಿಸಿದೆವು.

ಆಮೇಲೆ ಗುಡಿಸಿ. ನೆಲದ ಮೇಲೆ, ಬಾಗಿಲಿನ ಕೆಳಗಿನ ರನ್ನಿಂಗ್ ಬೋರ್ಡಿನ ಸಂದಿಯಲ್ಲಿ, ಡಿಕ್ಕಿಯ ಮೂಲೆಯಲ್ಲಿ ತುಕ್ಕಿನ ಹೊಪ್ಪಳೆ ಮುಷ್ಟಿಗಟ್ಟಲೆ ಸಿಗುತ್ತದೆ. ಅದನ್ನು ಬಿಟ್ಟರೆ ಗಾಳಿಗೆ ಹಾರಿ ಹಿಂದೆ ಬರುವ ಬೈಕಿನವರ ಕಣ್ಣಿಗೆ ಹೋಗುತ್ತದೆ. ಒಡೆದ ಗಾಜಿನ ಚೂರು, ಸಡಿಲ ನಟ್ಟು, ಜೋತಾಡುವ ಬೀಡಿಂಗು ಎಲ್ಲ ತೆಗೆಯಿರಿ. ಪೆಟ್ರೋಲ್ ಟ್ಯಾಂಕು ಬಿಚ್ಚಿ ಬೇರೆ ಇಡಿ. ಖಾಲಿ ಟ್ಯಾಂಕು ತುಂಬಿದ ಟ್ಯಾಂಕಿಗಿಂತ ಅಪಾಯ, ಒಳಗೆ ಆವಿ ಇರುತ್ತದೆ. ಅಲ್ಲಿ ಹೋದ ಮೇಲೆ ಶೆಲ್ಲಿಗೆ ಆಗುವುದು ವೆಲ್ಡಿಂಗ್ ಅನ್ನುವುದು ನೆನಪಿರಲಿ. ಬಾನೆಟ್ಟು ಮತ್ತು ಡಿಕ್ಕಿಯ ಬಾಗಿಲನ್ನು ಬಿಚ್ಚಿ ಪ್ರತ್ಯೇಕ ಹಾಕಿ. ಬೀಗ ಹಾಕಿದೆ ಅಂತ ನಂಬಬೇಡಿ. ತುಕ್ಕು ಹಿಡಿದ ಬೀಗ ಗಾಳಿಗೆ ಬಿಟ್ಟುಕೊಟ್ಟರೆ ಬಾನೆಟ್ಟು ಪತಂಗದ ಹಾಗೆ ಏಳುತ್ತದೆ.

ಬಾಗಿಲುಗಳ ವಿಷಯದಲ್ಲಿ ಮಾತ್ರ ಅವಸರ ಮಾಡಬೇಡಿ. ತೂಕ ಇಳಿಯಲಿ ಅಂತ ಎಲ್ಲರೂ ನಾಲ್ಕೂ ಬಾಗಿಲು ಬಿಚ್ಚಿಬಿಡುತ್ತಾರೆ. ಕಾರಿನ ಗಟ್ಟಿತನ ಎಲ್ಲಿದೆ ಅಂದರೆ, ಬಾಗಿಲಿನ ಕೆಳಗೆ ಓಡುವ ರನ್ನಿಂಗ್ ಬೋರ್ಡಿನಲ್ಲಿ. ನಮ್ಮ ಕರಾವಳಿಯ ಮಳೆಗೂ ಉಪ್ಪಿನ ಗಾಳಿಗೂ ಮೊದಲು ಹೋಗುವುದೂ ಅದೇ. ಪರೀಕ್ಷೆ ಸುಲಭ. ಸ್ಕ್ರೂಡ್ರೈವರ್ ತುದಿಯಿಂದ ಉದ್ದಕ್ಕೂ ಚುಚ್ಚುತ್ತಾ ಹೋಗಿ. "ಟಣ್" ಅಂದರೆ ಇದೆ. "ಚರ್" ಅಂತ ಒಳಗೆ ಹೋದರೆ ಇಲ್ಲ. ನಮ್ಮದರಲ್ಲಿ ಎಡಬದಿ ಸ್ಕ್ರೂಡ್ರೈವರು ಹಿಡಿಯವರೆಗೂ ಇಳಿಯಿತು.

ಹಾಗಿದ್ದಾಗ ಎತ್ತಿದರೆ ನಡು ಬಾಗುತ್ತದೆ. ಒಮ್ಮೆ ಬಾಗಿದ ಶೆಲ್ಲಿಗೆ ಮತ್ತೆ ಬಾಗಿಲು ಕೂರುವುದಿಲ್ಲ. ಎಷ್ಟೇ ಟಿಂಕರಿಂಗ್ ಮಾಡಿದರೂ ಒಂದು ಬದಿ ಸಂದಿ ದೊಡ್ಡದು, ಇನ್ನೊಂದು ಬದಿ ತಾಗುತ್ತದೆ. ಆದ್ದರಿಂದ ಬೋರ್ಡು ಹೋಗಿದ್ದರೆ ಎರಡರಲ್ಲಿ ಒಂದು ಮಾಡಿ. ಬಾಗಿಲು ಹಾಕಿಯೇ ಇಡಿ, ಅಥವಾ ಬಿಚ್ಚುವ ಮೊದಲು ಒಂದಿಂಚಿನ ಚೌಕ ಪೈಪನ್ನು ಮುಂದಿನ ಕಂಬದಿಂದ ನಡುವಿನ ಕಂಬಕ್ಕೆ, ಅಲ್ಲಿಂದ ಹಿಂದಿನ ಕಂಬಕ್ಕೆ ವೆಲ್ಡ್ ಮಾಡಿಸಿ. ಎಡದಿಂದ ಬಲಕ್ಕೂ ಒಂದು ಅಡ್ಡ ಇರಲಿ. ಊರಿನ ಗ್ರಿಲ್ ವರ್ಕ್‌ಶಾಪಿನವರೇ ಮನೆಗೆ ಬಂದು ಒಂದು ಗಂಟೆಯಲ್ಲಿ ಮಾಡಿ ಹೋಗುತ್ತಾರೆ. ಬಾಗಿಲು ಜಾಗದಲ್ಲಿ ಇರುವಾಗಲೇ, ಕಾರು ಸಮನಾಗಿ ನಿಂತಿರುವಾಗಲೇ ಇದನ್ನು ಮಾಡಬೇಕು. ಬಾಗಿದ ಮೇಲೆ ಮಾಡಿದರೆ ಬಾಗನ್ನೇ ಗಟ್ಟಿ ಮಾಡಿದ ಹಾಗೆ.

ನೆಲದಲ್ಲಿರುವ ರಬ್ಬರ್ ಬೂಚುಗಳನ್ನು ಕಿತ್ತುಬಿಡಿ. ದಾರಿಯಲ್ಲಿ ಮಳೆ ಹೊಡೆದರೆ ನೀರು ಇಳಿದು ಹೋಗಲಿ.

ಕಾಗದ

ಒಂದು ಶೆಲ್ಲು ಪಿಕಪ್ಪಿನಲ್ಲಿ ಹೋಗುತ್ತಿದ್ದರೆ ನೋಡುವವರಿಗೆ ಬರುವ ಮೊದಲ ಸಂಶಯ ಕಳವಿನ ಮಾಲು ಅಂತ. ಗಡಿ ದಾಟುವ ನಮ್ಮ ಕಡೆಯವರಿಗೆ ಇದು ಇನ್ನೂ ಜಾಸ್ತಿ. ಆರ್‌ಸಿ ಮೂಲಪ್ರತಿ ಜೊತೆಗಿರಲಿ. ಹೆಸರು ನಿಮ್ಮದಲ್ಲದಿದ್ದರೆ ಮಾಲೀಕರು ಸಹಿ ಹಾಕಿದ ಒಂದು ಪತ್ರ, ಅವರ ಗುರುತಿನ ಚೀಟಿಯ ಪ್ರತಿ ಬೇಕು. ಯಾವ ಶೆಡ್ಡಿಗೆ, ಯಾವ ಕೆಲಸಕ್ಕೆ ಅಂತ ಪತ್ರದಲ್ಲಿ ಬರೆಯಿರಿ. ನಾನು ಅದನ್ನು ಇಂಗ್ಲಿಷಿನಲ್ಲೂ ಕನ್ನಡದಲ್ಲೂ ಬರೆದೆ. ತಲಪಾಡಿಯ ಈಚೆ ಒಬ್ಬರಿಗೆ ಒಂದು ಭಾಷೆ, ಆಚೆ ಇನ್ನೊಬ್ಬರಿಗೆ ಇನ್ನೊಂದು. ಕಾಸರಗೋಡಿನವರಿಗೆ ಇದು ಹೊಸತಲ್ಲ ಅಲ್ವಾ.

ಚಾಸಿ ನಂಬರು ಇಂಜಿನ್ ಕೂರುವ ಜಾಗದ ಹಿಂದಿನ ತಗಡಿನ ಗೋಡೆಯಲ್ಲಿ ಕೊರೆದಿರುತ್ತದೆ. ಧೂಳು ಒರೆಸಿ, ಆರ್‌ಸಿ ಜೊತೆ ತಾಳೆ ನೋಡಿ, ಫೋಟೊ ತೆಗೆದಿಡಿ. ಆ ತಗಡನ್ನು ಮಾತ್ರ ಕತ್ತರಿಸಬೇಡಿ ಅಂತ ಟಿಂಕರನಿಗೂ ಹೇಳಿ.

ಪಿಕಪ್ಪಿನ ಕಾಗದವನ್ನೂ ಕೇಳಿ. ಸರಕು ಸೇರಿ ಒಟ್ಟು ತೂಕ 3000 ಕೆಜಿ ಮೀರದ ಸರಕು ಗಾಡಿಗೆ ಪರ್ಮಿಟ್ ಬೇಡ. ಅದಕ್ಕಿಂತ ದೊಡ್ಡದಾದರೆ ಬೇಕು, ಕೇರಳದ ಒಳಗಿನ ಪರ್ಮಿಟ್ ಹಿಡಿದುಕೊಂಡು ಕರ್ನಾಟಕಕ್ಕೆ ಹೋಗುವ ಹಾಗಿಲ್ಲ. ಡ್ರೈವರು "ಏನಾಗುವುದಿಲ್ಲ" ಅಂದರೆ ಬೇರೆ ಗಾಡಿ ನೋಡಿ. ಏನಾದರೂ ಆದರೆ ತಲಪಾಡಿಯಲ್ಲಿ ಬಿಸಿಲಿಗೆ ನಿಲ್ಲುವುದು ನಿಮ್ಮ ಶೆಲ್ಲು.

ಹತ್ತಿಸುವುದು

ನಮ್ಮ ಗುಡ್ಡೆ ಊರುಗಳ ಒಂದು ಅನುಕೂಲ ಅಂದರೆ ದರೆ, ಗುಡ್ಡೆ ಕಡಿದಲ್ಲಿ ಉಳಿಯುವ ನೆಟ್ಟಗಿನ ಅಂಚು. ಪಿಕಪ್ಪಿನ ಹಾಸು ನೆಲದಿಂದ ಎರಡೂವರೆಯಿಂದ ಮೂರು ಅಡಿ ಎತ್ತರ ಇರುತ್ತದೆ. ಅಷ್ಟೇ ಎತ್ತರದ ಮುರಕಲ್ಲಿನ ದರೆ ಮನೆಯ ಆಸುಪಾಸು ಎಲ್ಲಾದರೂ ಇದ್ದೇ ಇರುತ್ತದೆ. ತೋಟಕ್ಕೆ ಇಳಿಯುವ ದಾರಿಯಲ್ಲಿ, ಇಲ್ಲವೇ ಅಂಗಳದ ಕಟ್ಟೆಯಲ್ಲಿ. ಶೆಲ್ಲು ಮೇಲೆ, ಪಿಕಪ್ಪು ಕೆಳಗೆ ಹಿಂದೆ ಮಾಡಿ ತಂದು ತಾಗಿಸಿ ನಿಲ್ಲಿಸಿ. ಹಾಸೂ ನೆಲವೂ ಸಮ ಆದರೆ ಎತ್ತುವ ಕೆಲಸವೇ ಇಲ್ಲ, ಬರೀ ತಳ್ಳುವುದು. ದರೆಯ ಅಂಚು ಗಟ್ಟಿ ಇದೆಯಾ ಅಂತ ಮೊದಲು ನೋಡಿ. ಮಳೆಗಾಲದ ಮಣ್ಣಿನ ದರೆ ನಂಬಬೇಡಿ.

ತಳ್ಳಲು ಕೆಳಗೆ ಎರಡಿಂಚಿನ ಜಿಐ ಪೈಪಿನ ಮೂರು ತುಂಡು ಸಾಕು. ಹಿಂದೆ ಬಿಟ್ಟ ಪೈಪನ್ನು ಎತ್ತಿ ಮುಂದೆ ಹಾಕುತ್ತಾ ಹೋಗುವುದು. ಪೈಪಿಗೂ ತಗಡಿಗೂ ಮಧ್ಯೆ ಹಲಗೆ ಇರಲಿ, ಇಲ್ಲದಿದ್ದರೆ ನೆಲ ಡೊಂಕಾಗುತ್ತದೆ. ಬಾಳೆದಿಂಡು ಸೀಳಿ ಹಾಸಿದರೆ ಇನ್ನೂ ಸಲೀಸಾಗಿ ಜಾರುತ್ತದೆ ಅಂತ ಮಾವ ಹೇಳಿದರು. ಹಾಕಿದೆವು. ಜಾರಿತು, ಎಷ್ಟು ಅಂದರೆ ಕ್ಯಾಬಿನ್ನಿಗೆ ಹೋಗಿ ಗುದ್ದುವವರೆಗೆ. ಆಮೇಲೆ ಹಾಸನ್ನು ತೊಳೆದು ಒರೆಸಲು ಅರ್ಧ ಗಂಟೆ ಬೇಕಾಯಿತು. ರಸ ಬಿಟ್ಟ ಹಾಸಿನ ಮೇಲೆ ಶೆಲ್ಲು ಕಟ್ಟಿದರೆ ಬೆಣ್ಣೆ ಮೇಲೆ ಕಟ್ಟಿದ ಹಾಗೆ.

ದರೆ ಇಲ್ಲದಿದ್ದರೆ ಎಂಟು ಜನ ಬೇಕು. ತಲೆಗೆ ಇಪ್ಪತ್ತೈದು ಕೆಜಿ ಬೀಳುತ್ತದೆ, ಅಷ್ಟೇನೂ ಕಷ್ಟ ಅಲ್ಲ. ಕೈ ಎಲ್ಲಿ ಹಿಡಿಯುತ್ತದೆ ಅನ್ನುವುದು ಮುಖ್ಯ. ರೂಫಿನ ಅಂಚು, ಕಂಬ, ಗಾಜಿನ ಚೌಕಟ್ಟು ಹಿಡಿಯಬೇಡಿ. ಬಗ್ಗುತ್ತದೆ, ಕೈಯನ್ನೂ ಕೊಯ್ಯುತ್ತದೆ. ಗಟ್ಟಿ ಇರುವ ಕಡೆ ರನ್ನಿಂಗ್ ಬೋರ್ಡು, ಮುಂದೆ ಇಂಜಿನ್ ಹೊರುತ್ತಿದ್ದ ಎರಡು ಉದ್ದ ತೋಳು, ಹಿಂದೆ ಆಕ್ಸಿಲ್ ಕೂರುತ್ತಿದ್ದ ಜಾಗ, ಇಷ್ಟನ್ನು ಹಿಡಿಯಿರಿ. ಎಲ್ಲರಿಗೂ ಕೈಗವಸು ಅಥವಾ ಗೋಣಿತುಂಡು. ಹೇಳುವವರು ಒಬ್ಬರೇ ಇರಲಿ. ಎಂಟು ಜನ ಇದ್ದ ಕಡೆ ಹತ್ತು ಸಲಹೆ ಬರುತ್ತದೆ. ಮುಂದಿನ ಮೂತಿಯನ್ನು ಹಾಸಿನ ಅಂಚಿಗೆ ಇಟ್ಟು, ಎಲ್ಲರೂ ಹಿಂದಕ್ಕೆ ಬಂದು ತಳ್ಳಿ.

ಜೆಸಿಬಿ ತರಿಸಿದರೆ ಒಂದೇ ನಿಮಿಷದ ಕೆಲಸ ಅನ್ನುವವರಿದ್ದಾರೆ. ಒಂದೇ ನಿಮಿಷದಲ್ಲಿ ರೂಫು ಮಡಚಿದ್ದನ್ನೂ ನೋಡಿದ್ದೇನೆ. ರೂಫಿನ ಕೆಳಗೆ ಬೆಲ್ಟ್ ಹಾಕಿ ಎತ್ತಿದ್ದರು. ಜೆಸಿಬಿಯೇ ಬೇಕಾದರೆ ಬೆಲ್ಟು ತಳದಿಂದ ಬರಬೇಕು, ಮೇಲೆ ಎರಡೂ ಬದಿ ಒತ್ತದ ಹಾಗೆ ಅಗಲಕ್ಕೆ ಒಂದು ಕೋಲು ಕೊಡಬೇಕು, ಶೆಲ್ಲಿನ ಕೆಳಗೆ ಯಾರೂ ನಿಲ್ಲಬಾರದು.

ಮೂತಿ ಮುಂದಕ್ಕೇ ಇರಲಿ, ಕ್ಯಾಬಿನ್ನಿನ ಕಡೆಗೆ. ಕಾರನ್ನು ಮಾಡಿದ್ದೇ ಆ ದಿಕ್ಕಿನ ಗಾಳಿಗೆ. ತಿರುಗಿಸಿ ಇಟ್ಟರೆ ತೆರೆದ ಡಿಕ್ಕಿಯಿಂದ ಗಾಳಿ ಒಳಗೆ ತುಂಬುತ್ತದೆ. ಇನ್ನೊಂದು ಕಾರಣವೂ ಉಂಟು. ಬ್ರೇಕ್ ಹಾಕಿದಾಗ ಶೆಲ್ಲು ಮುಂದಕ್ಕೆ ಒತ್ತುತ್ತದೆ. ಆ ಒತ್ತನ್ನು ತಡೆಯಲು ಮುಂದಿನ ಎರಡು ತೋಳಿನಷ್ಟು ಗಟ್ಟಿ ಇನ್ನೇನಿಲ್ಲ.

ಕೂರಿಸುವುದು, ಕಟ್ಟುವುದು

ಇಲ್ಲಿ ಸಮಯ ಕೊಡಿ. ನಮಗೆ ಹತ್ತಿಸಲು ಇಪ್ಪತ್ತು ನಿಮಿಷ, ಕಟ್ಟಲು ಒಂದೂವರೆ ಗಂಟೆ ಹಿಡಿಯಿತು. ಡ್ರೈವರು ಎರಡು ಸಲ ಚಾ ಕುಡಿದು ಬಂದರು.

ಶೆಲ್ಲನ್ನು ಸೀದಾ ಹಾಸಿನ ತಗಡಿನ ಮೇಲೆ ಇಡಬೇಡಿ. ಲೋಹದ ಮೇಲೆ ಲೋಹ ಜಾರುತ್ತದೆ. ನಾವು ತೆಂಗಿನ ಮರದ ಹಳೆ ಪಕ್ಕಾಸು (ಮಾಡಿಗೆ ಹಾಕುವ ಉದ್ದ ಮರ) ಎರಡನ್ನು ಅಡ್ಡಲಾಗಿ ಹಾಕಿದೆವು. ಒಂದು ಮುಂದಿನ ಚಕ್ರದ ಹಿಂದೆ, ಇನ್ನೊಂದು ಹಿಂದಿನ ಚಕ್ರದ ಮುಂದೆ ಬರುವ ಹಾಗೆ. ಜಾಕಿ ಕೊಡುವ ಜಾಗ ಇರುವುದು ಅಲ್ಲಿಯೇ, ಭಾರ ತಡೆಯುತ್ತದೆ. ಪಕ್ಕಾಸಿನ ಕೆಳಗೂ ಮೇಲೂ ಹಳೆ ಟ್ಯೂಬಿನ ರಬ್ಬರ್ ತುಂಡು. ಇಡೀ ಟಯರು ಹಾಕಿ ಅದರ ಮೇಲೆ ಕೂರಿಸುವವರು ತುಂಬಾ ಜನ ಇದ್ದಾರೆ. ನನಗೆ ಅದು ಸರಿ ಕಾಣುವುದಿಲ್ಲ. ಟಯರು ಸ್ಪ್ರಿಂಗಿನ ಹಾಗೆ ಅದುಮಿ ಏಳುತ್ತದೆ. ಅದುಮಿದಾಗಲೆಲ್ಲ ಬೆಲ್ಟು ಸಡಿಲ.

ಕಟ್ಟುವ ಮೊದಲು ತಡೆ ಕೊಡಿ. ಮೂತಿಗೂ ಕ್ಯಾಬಿನ್ನಿನ ಹಿಂದಿನ ಚೌಕಟ್ಟಿಗೂ ಮಧ್ಯೆ ಮರದ ತುಂಡು ಬಿಗಿಯಾಗಿ ಕೂರಲಿ, ಎರಡು ತೋಳಿನ ತುದಿಗೂ ಒಂದೊಂದು. ಬದಿಗೂ ಹಾಗೆಯೇ, ರನ್ನಿಂಗ್ ಬೋರ್ಡಿಗೂ ಹಾಸಿನ ಗೋಡೆಗೂ ಮಧ್ಯೆ. ಕೈಯಿಂದ ತಳ್ಳಿದರೆ ಶೆಲ್ಲು ಅಲುಗಬಾರದು. ಬೆಲ್ಟಿನ ಕೆಲಸ ಶೆಲ್ಲನ್ನು ಕೆಳಕ್ಕೆ ಒತ್ತಿ ಹಿಡಿಯುವುದು. ಮುಂದೆ ಹಿಂದೆ ಜಾರದ ಹಾಗೆ ತಡೆಯುವ ಕೆಲಸ ಮರದ್ದು.

ಹಗ್ಗಕ್ಕೆ ಬಂದರೆ, ಅಂಗಡಿಯಲ್ಲಿ ಸಿಗುವ ನೀಲಿ ಪ್ಲಾಸ್ಟಿಕ್ ಹಗ್ಗ ಬೇಡ. ಗಂಟು ಜಾರುತ್ತದೆ. ನೈಲಾನು ಎಳೆದಷ್ಟು ಹಿಗ್ಗುತ್ತದೆ. ಕತ್ತದ ಹಗ್ಗ ಸೌದೆ ಕಟ್ಟಲು ಒಳ್ಳೆಯದು. ಇದಕ್ಕೆ ಬೇಕಾದದ್ದು ಎರಡಿಂಚು ಅಗಲದ, ಹಲ್ಲುಚಕ್ರದ ಹಿಡಿ ಎಳೆದು ಬಿಗಿಯುವ ರ್‍ಯಾಚೆಟ್ ಬೆಲ್ಟು, ಕಡಿಮೆ ಅಂದರೆ ಎಂಟು. ಲೇಬಲ್‌ನಲ್ಲಿ ದೊಡ್ಡದಾಗಿ ಬರೆದ ಟನ್ನು ಸಾಮಾನ್ಯವಾಗಿ ಬೆಲ್ಟು ಹರಿಯುವ ಲೆಕ್ಕ. ಅದರ ಮೂರನೇ ಒಂದು ಪಾಲು ಮಾತ್ರ ನಂಬಿ.

ಎಲ್ಲರೂ ಮಾಡುವ ಕೆಲಸ ರೂಫಿನ ಮೇಲಿಂದ ಬೆಲ್ಟು ಹಾಕಿ ಬಿಗಿಯುವುದು. ಬೇಡ. ರೂಫು ತೆಳು ತಗಡು. ಬಿಗಿದಷ್ಟು ಒಳಗೆ ಹೋಗುತ್ತದೆ, ಗಾಡಿ ಅಲುಗಿದಾಗ ಇನ್ನಷ್ಟು ಹೋಗುತ್ತದೆ, ಬೆಲ್ಟು ಸಡಿಲ, ರೂಫು ನೆಗ್ಗು, ಎರಡೂ ನಷ್ಟ. ನನಗೆ ಗೊತ್ತಿರುವ ಒಳ್ಳೆಯ ಉಪಾಯ ಹೀಗೆ. ಐದೂಕಾಲು ಅಡಿ ಉದ್ದದ ಜಿಐ ಪೈಪ್ ಒಂದನ್ನು ಮುಂದಿನ ಬಾಗಿಲಿನ ಒಂದು ಬದಿಯಿಂದ ತೂರಿಸಿ ಇನ್ನೊಂದು ಬದಿಗೆ ತನ್ನಿ. ಅದು ಎರಡೂ ರನ್ನಿಂಗ್ ಬೋರ್ಡುಗಳ ಮೇಲೆ ಕೂರುತ್ತದೆ, ಎರಡೂ ತುದಿ ಮೂರು ಮೂರು ಇಂಚು ಹೊರಗೆ ಬರುತ್ತದೆ. ಬೋರ್ಡಿನ ಮೇಲೆ ಪೈಪ್ ಕೂರುವ ಕಡೆ ಹಲಗೆ ತುಂಡು. ಆ ಪೈಪಿನ ತುದಿಗಳನ್ನು ಬೆಲ್ಟಿನಿಂದ ಹಾಸಿನ ಕೊಕ್ಕೆಗೆ ಎಳೆದು ಕಟ್ಟಿ. ಹಿಂದಿನ ಬಾಗಿಲಿಗೂ ಒಂದು ಪೈಪ್. ಈಗ ಇಡೀ ಶೆಲ್ಲು ತಳದಲ್ಲೇ ಒತ್ತಿ ಕೂತಿತು. ಮೇಲಿನ ತಗಡಿಗೆ ಒಂದು ಕೂದಲಷ್ಟೂ ಭಾರ ಇಲ್ಲ. ಬೋರ್ಡು ತುಕ್ಕಾಗಿದ್ದರೆ ಪೈಪನ್ನು ಪಕ್ಕಾಸಿನ ನೇರ ಮೇಲೆ ಬರುವ ಹಾಗೆ ಇಡಿ. ಆಗ ಒತ್ತು ಸೀದಾ ಮರಕ್ಕೆ ಇಳಿಯುತ್ತದೆ. ಬಾಗಿಲು ಬಿಚ್ಚದೆ ಇಟ್ಟವರು ಅದನ್ನು ಪೈಪಿಗೆ ಬೇಕಾದಷ್ಟೇ ತೆರೆದು ಹಗ್ಗದಿಂದ ಕಂಬಕ್ಕೆ ಬಿಗಿಯಬೇಕು. ನಾವು ಚೌಕ ಪೈಪಿನ ಬ್ರೇಸ್ ಹಾಕಿ ಬಾಗಿಲು ಬಿಚ್ಚಿದ್ದೆವು.

ಉಳಿದ ಬೆಲ್ಟುಗಳು ಮೂಲೆಗಳಿಗೆ. ಮುಂದೆ ಸಸ್ಪೆನ್ಷನ್ನಿನ ಸ್ಟ್ರಟ್ ಕೂರುವ ಗುಂಬದ ತೂತಿನಿಂದ, ಹಿಂದೆ ಆಕ್ಸಿಲ್ ಹಿಡಿದಿದ್ದ ಬ್ರಾಕೆಟ್ಟಿನಿಂದ. ಎರಡನ್ನೂ ಅಡ್ಡಡ್ಡ, ಎಡದ ಮೂಲೆಯಿಂದ ಬಲದ ಕೊಕ್ಕೆಗೆ, ಬಲದಿಂದ ಎಡಕ್ಕೆ. ಹೀಗೆ ಕಟ್ಟಿದರೆ ತಿರುವಿನಲ್ಲಿ ಬದಿಗೆ ಓಡುವುದಿಲ್ಲ. ಹಾಸಿನ ಕೊಕ್ಕೆಗಳನ್ನೂ ಒಮ್ಮೆ ಎಳೆದು ನೋಡಿ. ಟರ್ಪಾಲು ಕಟ್ಟಲು ಮಾಡಿದ ಸಣ್ಣ ಸಲಾಕೆಯ ಕೊಕ್ಕೆ ಸಾಲುವುದಿಲ್ಲ. ಹಾಸಿನ ಅಡ್ಡ ಚಾನೆಲ್ಲಿಗೆ ಹಾಕಿದರೆ ನೆಮ್ಮದಿ.

ಬೆಲ್ಟು ತಗಡಿನ ಅಂಚಿಗೆ ತಾಗುವ ಕಡೆ ಏನಾದರೂ ಮಡಚಿ ಇಡಬೇಕು. ಕತ್ತಿಯ ಹಾಗಿರುವ ಅಂಚಿಗೆ ಬೆಲ್ಟು ಉಜ್ಜಿ ಉಜ್ಜಿ ಹರಿಯುತ್ತದೆ. ನಾವು ಹಾಕಿದ್ದು ಅಡಿಕೆ ಹಾಳೆ. ಒಣಗಿದ್ದು ಮಡಚಿದರೆ ಸೀಳುತ್ತದೆ. ಹತ್ತು ನಿಮಿಷ ನೀರಲ್ಲಿ ಹಾಕಿ, ಮೆದುವಾದ ಮೇಲೆ ಎರಡು ಮಡಿಕೆ ಮಾಡಿ ಅಂಚಿಗೆ ಸಿಕ್ಕಿಸಿದರೆ ಬೆಲ್ಟು ಬಿಗಿದಾಗ ಅಲ್ಲೇ ಅಚ್ಚು ಕೂತುಬಿಡುತ್ತದೆ. ತೊಕ್ಕೊಟ್ಟಿನ ಶೆಡ್ಡಿನಲ್ಲಿ ತೆಗೆದು ನೋಡಿದಾಗ ಹಾಳೆಯ ಮೇಲೆ ಬೆಲ್ಟಿನ ನೇಯ್ಗೆಯ ಗುರುತು ಮೂಡಿತ್ತು, ಬೆಲ್ಟಿನಲ್ಲಿ ಒಂದು ಎಳೆ ಎದ್ದಿರಲಿಲ್ಲ.

ಪ್ರತಿ ಬೆಲ್ಟಿಗೂ ಅರ್ಧ ಸುತ್ತು ತಿರುವು ಕೊಡಿ. ಚಪ್ಪಟೆ ಬೆಲ್ಟು ಗಾಳಿಗೆ ಬುರ್ ಅಂತ ನಡುಗುತ್ತದೆ, ನಡುಗಿ ಸಡಿಲ ಆಗುತ್ತದೆ. ತಿರುವಿದರೆ ಸುಮ್ಮನಿರುತ್ತದೆ. ಉಳಿದ ಬಾಲವನ್ನು ಸುತ್ತಿ ಕಟ್ಟಿ.

ಗಾಡಿ ಹಾರುವುದನ್ನು ಕಡಿಮೆ ಮಾಡಲು ಹಿಂದಿನ ಚಕ್ರದ ಸಾಲಿನಲ್ಲಿ, ಶೆಲ್ಲಿನ ಕೆಳಗೆ ಹೊಯಿಗೆ (ಮರಳು) ತುಂಬಿದ ಚೀಲ ಏಳೆಂಟು ಹಾಕಿದೆವು. ಮುನ್ನೂರು ಕೆಜಿ ಇರಬಹುದು. ಪ್ಲೇಟುಗಳು ಸ್ವಲ್ಪ ಕೂತವು. ಟಯರಿನ ಗಾಳಿಯೂ ಪೂರಾ ಲೋಡಿನಷ್ಟು ಬೇಡ. ಖಾಲಿ ಗಾಡಿಗೆ ಕಂಪನಿ ಹೇಳಿದಷ್ಟು ಸಾಕು. ಟರ್ಪಾಲು ಹೊದಿಸಬೇಡಿ. ಗಾಜಿಲ್ಲದ ಕಿಟಕಿಗಳಿಂದ ಗಾಳಿ ಹಾದು ಹೋಗುವುದೇ ಒಳ್ಳೆಯದು. ಹೊದಿಸಿದರೆ ಹಾಯಿದೋಣಿ ಆಗುತ್ತದೆ.

ಬಿಚ್ಚಿದ ಬಾನೆಟ್ಟು, ಬಾಗಿಲು ಎಲ್ಲ ಗೋಣಿ ಸುತ್ತಿ ಶೆಲ್ಲಿನ ಒಳಗೆ, ಒಂದಕ್ಕೊಂದು ಕಟ್ಟಿ. ಮನುಷ್ಯರು ಮಾತ್ರ ಹಿಂದೆ ಕೂರಬಾರದು. "ನಾನು ಹಿಡಿದುಕೊಂಡು ಕೂರುತ್ತೇನೆ ಭಾವ" ಅಂತ ಒಬ್ಬ ಹೊರಟಿದ್ದ. ಹಿಡಿಯಬೇಕಾಗಿ ಬಂದರೆ ಕಟ್ಟಿದ್ದು ಸರಿಯಾಗಿಲ್ಲ ಅಂತ ಅರ್ಥ ಅಂತ ಹೇಳಿ ಇಳಿಸಿದೆ.

ದಾರಿಯಲ್ಲಿ

ಭಾನುವಾರ ಬೆಳಿಗ್ಗೆ ಆರಕ್ಕೆ ಹೊರಟೆವು. ಶಾಲೆ ಬಸ್ಸಿಲ್ಲ, ಕುಂಬಳೆ ಪೇಟೆಯಲ್ಲಿ ಜನ ಇಲ್ಲ. ಮನೆಯ ದಾರಿಯಲ್ಲಿ ತಲೆ ಎತ್ತಿ ನೋಡಿಕೊಂಡೇ ಹೋಗಬೇಕು. ಪಕ್ಕಾಸು ಸೇರಿ ರೂಫು ನೆಲದಿಂದ ಏಳಡಿ ಆಸುಪಾಸು ಬರುತ್ತದೆ. ಜೋತುಬಿದ್ದ ಕೇಬಲ್ ವಯರು, ಇಳಿಬಿದ್ದ ತೆಂಗಿನ ಮಡಲು ಇದ್ದರೆ ಕಿಟಕಿಯೊಳಗೆ ಸಿಕ್ಕಿಕೊಳ್ಳುತ್ತದೆ.

ಮೊದಲ ನಾಲ್ಕೈದು ಕಿಲೋಮೀಟರಿನಲ್ಲಿ ಎಲ್ಲವೂ ತನ್ನ ಜಾಗಕ್ಕೆ ಕೂರುತ್ತದೆ. ಆದ್ದರಿಂದ ಮೊದಲ ನಿಲುಗಡೆ ಬೇಗ ಮಾಡಿ. ನಾವು ನೀರ್ಚಾಲಿನಲ್ಲಿ ನಿಲ್ಲಿಸಿದೆವು. ನೋಡಿದರೆ ಎಂಟೂ ಬೆಲ್ಟುಗಳಲ್ಲಿ ಹಿಂದಿನ ಎಡದ್ದು ಬೆರಳಿಂದ ತಟ್ಟಿದರೆ ಡಬ್ ಅನ್ನುತ್ತಿತ್ತು. ಬಿಗಿಯಾದದ್ದು ತಂತಿಯ ಹಾಗೆ ಟಿಣ್ ಅನ್ನಬೇಕು. ಹಿಡಿ ಎಳೆದೆ. ಒಂದು, ಎರಡು, ಮೂರು ಹಲ್ಲು ಮುಂದಕ್ಕೆ ಹೋಯಿತು. ನಾಲ್ಕೇ ಕಿಲೋಮೀಟರಿನಲ್ಲಿ ಮೂರು ಹಲ್ಲು! ಸೀತಾಂಗೋಳಿಯಲ್ಲಿ ಮತ್ತೆ ನೋಡಿದಾಗ ಒಂದು ಹಲ್ಲು. ಕುಂಬಳೆಯಲ್ಲಿ ಏನೂ ಇಲ್ಲ. ಅಲ್ಲಿಂದ ಮುಂದೆ ಅರ್ಧ ಗಂಟೆಗೊಮ್ಮೆ ಸಾಕು ಅನ್ನಿಸಿತು.

ಒಳರಸ್ತೆಯಲ್ಲಿ ನಲವತ್ತರ ಮೇಲೆ ಬೇಡ. ಹಂಪು ಕಂಡರೆ ಹತ್ತಕ್ಕೆ ಇಳಿಸಿ. ಹೆದ್ದಾರಿಗೆ ಹತ್ತಿದ ಮೇಲೆ ಮನಸ್ಸು ಕೆಡುತ್ತದೆ. ತಲಪಾಡಿಯಿಂದ ಚೆಂಗಳದವರೆಗೆ ಈಗ ಆರು ಲೇನು, ಗಾಡಿ ತಾನಾಗಿ ಓಡುತ್ತದೆ. ವೇಗ ಎರಡು ಪಟ್ಟಾದರೆ ಗಾಳಿಯ ಒತ್ತು ನಾಲ್ಕು ಪಟ್ಟಾಗುತ್ತದೆ. ನಲವತ್ತರಲ್ಲಿ ಸುಮ್ಮನಿದ್ದ ಶೆಲ್ಲು ಎಂಬತ್ತರಲ್ಲಿ ಹಾಗೆ ಇರುವುದಿಲ್ಲ. ಎಡ ಲೇನು, ಐವತ್ತು, ಅಷ್ಟೆ. ಎದುರಿನ ಗಾಳಿಗಿಂತ ಪಕ್ಕದಲ್ಲಿ ಹಾದು ಹೋಗುವ ಟ್ಯಾಂಕರಿನ ಗಾಳಿ ಜೋರು. ಸೇತುವೆ ಮೇಲೆ ಸಮುದ್ರದ ಕಡೆಯಿಂದ ಬೀಸುವುದೂ ಉಂಟು.

ಒಂದು ವಿಷಯ ಯಾರೂ ಹೇಳಿರಲಿಲ್ಲ. ನಲವತ್ತೈದು ದಾಟಿದ ಕೂಡಲೇ ಶೆಲ್ಲು ಶಿಳ್ಳೆ ಹೊಡೆಯಲು ಶುರು ಮಾಡಿತು. ವಯರು ಹಾದುಹೋಗುವ ತೂತುಗಳಲ್ಲಿ ಗಾಳಿ ನುಗ್ಗಿ, ಕೊಳಲಿನ ಹಾಗೆ. ಡ್ರೈವರು ಬೆಲ್ಟೇ ಹರಿಯಿತು ಅಂತ ಹೆದರಿ ಬಂದ್ಯೋಡಿನ ಹತ್ತಿರ ಬದಿಗೆ ಹಾಕಿದರು. ಬಟ್ಟೆ ತುರುಕಿ ಮುಚ್ಚಿದೆವು.

ಇಳಿಸುವಾಗ

ಹತ್ತಿಸಿದ್ದರ ಉಲ್ಟಾ, ಹೆಚ್ಚು ಹೇಳುವುದಿಲ್ಲ. ಬೆಲ್ಟು ಬಿಚ್ಚುವಾಗ ಮುಖ ರ್‍ಯಾಚೆಟ್ಟಿನ ನೇರಕ್ಕೆ ಇಡಬೇಡಿ, ಬಿಗಿ ಬಿಟ್ಟಾಗ ಹಿಡಿ ಹಿಂದಕ್ಕೆ ಹೊಡೆಯುತ್ತದೆ. ಮೂಲೆಯವು ಮೊದಲು, ಪೈಪಿನವು ಕೊನೆಗೆ. ಗಾಡಿ ಸಮ ನೆಲದಲ್ಲಿ ನಿಂತಿರಲಿ. ಶೆಡ್ಡಿನಲ್ಲಿ ಜನ ಕಡಿಮೆ ಇರುತ್ತಾರೆ, ಆದ್ದರಿಂದ ಎಷ್ಟು ಗಂಟೆಗೆ ಬರುತ್ತೇವೆ ಅಂತ ಮೊದಲೇ ಹೇಳಿ ಕೈ ಜೋಡಿಸುವವರನ್ನು ನಿಲ್ಲಿಸಿಕೊಳ್ಳಿ. ನಾವು ಹೇಳಿರಲಿಲ್ಲ. ಎದುರಿನ ಹೋಟೆಲಿನಲ್ಲಿ ಚಾ ಕುಡಿಯುತ್ತಿದ್ದವರನ್ನು ಕರೆದೆವು, ಬಂದರು.

ಪಕ್ಕಾಸುಗಳನ್ನು ವಾಪಸು ತರಬೇಡಿ, ಶೆಲ್ಲಿನ ಕೆಳಗೇ ಬಿಡಿ. ಸಿಮೆಂಟು ನೆಲದ ಮೇಲೆ ಸೀದಾ ಇಟ್ಟರೆ ಅಂಚು ಮಡಚುತ್ತದೆ, ತೇವವೂ ಹಿಡಿಯುತ್ತದೆ. ಮತ್ತೆ, ವೆಲ್ಡ್ ಮಾಡಿಸಿದ ಬ್ರೇಸ್ ನೋಡಿ ಟಿಂಕರ್ ಮೊದಲ ದಿನವೇ "ಈ ಪೈಪು ಅಡ್ಡ ಆಗ್ತದೆ, ಕತ್ತರಿಸ್ತೇನೆ" ಅಂತ ಗ್ರೈಂಡರ್ ಹಿಡಿದರೆ ತಡೆಯಿರಿ. ಎರಡೂ ಬದಿಯ ರನ್ನಿಂಗ್ ಬೋರ್ಡು ಹೊಸದಾಗಿ ಕೂತು, ಬಾಗಿಲು ಹಾಕಿ ತೆಗೆದು ಸಂದಿ ನೋಡಿದ ಮೇಲೆ ಬೇಕಾದರೆ ಕತ್ತರಿಸಲಿ.